ಕೀವರ್ಡ್ ಗುಂಪು ಮಾಡುವ ಟೂಲ್‌ಗೆ ‘ಬಳ್ಳಾರಿ’ ಬೇರೆ, ‘ಬೆಲ್ಲಾರಿ’ ಬೇರೆ: ಏನು ಮಾಡಲಿ?

ಕೌಲ್‌ಬಜಾರ್ ಜೀನ್ಸ್ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಕೌಲ್‌ಬಜಾರ್‌ನಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. 14 ಮಷಿನ್ ಇವೆ. ಹೋಲ್‌ಸೇಲ್ ಮಾರುತ್ತೇವೆ. ಬೇರೆಯವರು ಬಟ್ಟೆ ಕೊಟ್ಟರೆ ಜಾಬ್ ವರ್ಕ್ ಕೂಡ ಮಾಡಿಕೊಡುತ್ತೇವೆ.

ಮೂರು ವರ್ಷದ ಹಿಂದೆ ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿದೆವು. ಮಾಡಿಕೊಟ್ಟವರು 62 ಪುಟ ಹಾಕಿದ್ದಾರೆ. ‘ಬಳ್ಳಾರಿ ಜೀನ್ಸ್ ಹೋಲ್‌ಸೇಲ್’ ಅಂತ ಒಂದು ಪುಟ. ‘ಜೀನ್ಸ್ ಹೋಲ್‌ಸೇಲ್ ಬಳ್ಳಾರಿ’ ಅಂತ ಇನ್ನೊಂದು. ಅದೋನಿ, ಗುಂತಕಲ್, ಸಿರುಗುಪ್ಪ, ಹೊಸಪೇಟೆಗೆ ಒಂದೊಂದು. ಊರ ಹೆಸರು ಬಿಟ್ಟರೆ ಒಳಗಿನ ಬರಹ ಎಲ್ಲ ಒಂದೇ. ಪುಟ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅವರು ಹೇಳಿದ್ದರು, ನಾನೂ ನಂಬಿದ್ದೆ. ಈಗ ವಾರಕ್ಕೆ ಒಂದೋ ಎರಡೋ ಫೋನ್ ಬರುತ್ತದೆ. ಅದೂ ಒಂದೇ ಒಂದು ಪ್ಯಾಂಟ್ ಬೇಕು ಅನ್ನುವವರು.

ಹೋದ ವಾರ ಸರ್ಚ್ ಕನ್ಸೋಲ್‌ನಿಂದ (ನಮ್ಮ ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್‌ನ ಉಚಿತ ಸೇವೆ) ಕೀವರ್ಡ್ ಪಟ್ಟಿ, ಅಂದರೆ ಜನ ಗೂಗಲ್‌ನಲ್ಲಿ ಟೈಪ್ ಮಾಡಿದ ಪದಗಳ ಪಟ್ಟಿ, ಇಳಿಸಿಕೊಂಡೆ. 418 ಬಂದವು. ಅವನ್ನು ಒಂದು ಗ್ರೂಪಿಂಗ್ ಟೂಲ್‌ನ ಉಚಿತ ಟ್ರಯಲ್‌ಗೆ ಹಾಕಿದೆ. 131 ಗುಂಪು ಮಾಡಿ ಕೊಟ್ಟಿತು! ಅರ್ಧಕ್ಕಿಂತ ಜಾಸ್ತಿ ಗುಂಪಿನಲ್ಲಿ ಒಂದೇ ಕೀವರ್ಡ್ ಇದೆ. ಹಳೆಯ ಇಂಗ್ಲಿಷ್ ಸ್ಪೆಲಿಂಗ್‌ನ ‘ಬೆಲ್ಲಾರಿ’ ಒಂದು ಗುಂಪು, ಹೊಸ ಸ್ಪೆಲಿಂಗ್‌ನ ‘ಬಳ್ಳಾರಿ’ ಇನ್ನೊಂದು. ಕನ್ನಡ ಲಿಪಿಯವು ಎಲ್ಲೆಂದರಲ್ಲಿ ಚೆಲ್ಲಿಹೋಗಿವೆ. ಗುಂಪಿಗೊಂದು ಪುಟ ಅಂತ 131 ಪುಟ ಬರೆಯಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ರಾಯಚೂರು ವೆಬ್ ಕೆಲಸ (ಸೋಮವಾರ, ರಾತ್ರಿ 10:25)

ಅಣ್ಣಾ, ಒಂದೂ ಹೊಸ ಪುಟ ಬರೆಯಬೇಡಿ. ಮೊದಲು ಟೂಲ್ ಹೇಗೆ ಗುಂಪು ಮಾಡುತ್ತದೆ ಅಂತ ನೋಡೋಣ.

ಒಂದು ಬಗೆಯ ಟೂಲ್ ಬರೀ ಅಕ್ಷರ ನೋಡುತ್ತದೆ. ಎರಡು ಕೀವರ್ಡ್‌ನಲ್ಲಿ ಒಂದೇ ಪದಗಳಿದ್ದರೆ ಒಟ್ಟಿಗೆ ಇಡುತ್ತದೆ. ಇನ್ನೊಂದು ಬಗೆಯದು ಗೂಗಲ್ ಫಲಿತಾಂಶವನ್ನೇ ತಂದು ನೋಡುತ್ತದೆ. ಎರಡು ಕೀವರ್ಡ್‌ಗೂ ಮೊದಲ 10 ಫಲಿತಾಂಶ ತೆಗೆದು, ಅದರಲ್ಲಿ ಮೂರೋ ನಾಲ್ಕೋ ಪುಟ ಎರಡೂ ಕಡೆ ಇದ್ದರೆ ಒಂದೇ ಗುಂಪು ಅನ್ನುತ್ತದೆ. ಎಷ್ಟು ಪುಟ ಹೊಂದಬೇಕು ಅನ್ನುವುದನ್ನು ನಾವೇ ಬದಲಿಸಬಹುದು.

ನಿಮ್ಮ ಊರಿನ ಇಂಗ್ಲಿಷ್ ಸ್ಪೆಲಿಂಗ್ 2014ರ ನವೆಂಬರ್ 1ರಂದು ಬದಲಾಯಿತು. ಅವತ್ತು ಕರ್ನಾಟಕದ 12 ಊರುಗಳ ಹೆಸರು ಬದಲಾದವು. ಆದರೆ ಹೊರಗಿನ ವ್ಯಾಪಾರಿಗಳು ಇವತ್ತಿಗೂ ಹಳೆಯದನ್ನೇ ಟೈಪ್ ಮಾಡುತ್ತಾರೆ. ಅಕ್ಷರ ನೋಡುವ ಟೂಲ್‌ಗೆ ಅವು ಎರಡು ಬೇರೆ ಊರು. ಗೂಗಲ್‌ಗೆ ಒಂದೇ ಊರು ಅಂತ ಚೆನ್ನಾಗಿ ಗೊತ್ತಿದೆ.

ಕನ್ನಡದ ಕಷ್ಟ ಇನ್ನೊಂದು ತರಹದ್ದು. ಬಳ್ಳಾರಿ, ಬಳ್ಳಾರಿಯ, ಬಳ್ಳಾರಿಯಲ್ಲಿ, ಬಳ್ಳಾರಿಗೆ. ನಮಗೆ ಇದು ಒಂದೇ ಪದ, ಬಾಲ ಮಾತ್ರ ಬೇರೆ. ನಾನು ಬಳಸಿ ನೋಡಿದ ಟೂಲ್‌ಗಳಿಗೆ ಇದು ತಿಳಿಯುವುದಿಲ್ಲ. ಇಂಗ್ಲಿಷ್‌ನ ಏಕವಚನ, ಬಹುವಚನವನ್ನು ಅವು ಸರಿಯಾಗಿ ಸೇರಿಸುತ್ತವೆ. ಕನ್ನಡದ ‘ಅಂಗಡಿ’ಯನ್ನೂ ‘ಅಂಗಡಿಗಳು’ ಅನ್ನುವುದನ್ನೂ ಬೇರೆ ಬೇರೆ ಇಡುತ್ತವೆ.

ಒಂದು ಕೇಳಬೇಕು. ಟ್ರಯಲ್‌ನಲ್ಲಿ ದೇಶ ಯಾವುದು ಇಟ್ಟಿದ್ದೀರಿ?

ಕೌಲ್‌ಬಜಾರ್ ಜೀನ್ಸ್ (ಮಂಗಳವಾರ, ಬೆಳಿಗ್ಗೆ 7:15)

ಅಮೆರಿಕ ಇತ್ತು ಅಣ್ಣಾ. ಅದು ತಾನಾಗೇ ಹಾಗೇ ಬಂದಿತ್ತು, ನಾನು ನೋಡಿರಲಿಲ್ಲ. ಈಗ ಭಾರತ ಅಂತ ಬದಲಿಸಿ, ಫಲಿತಾಂಶ ನೋಡಿ ಗುಂಪು ಮಾಡುವ ಆಯ್ಕೆ ಇಟ್ಟು ಮತ್ತೆ ಓಡಿಸಿದೆ. 131 ಇದ್ದದ್ದು 44ಕ್ಕೆ ಇಳಿಯಿತು. ಎರಡೂ ಸ್ಪೆಲಿಂಗ್ ಒಂದೇ ಕಡೆ ಬಂದವು. ಕನ್ನಡ ಲಿಪಿಯಲ್ಲಿ ಬರೆದವೂ ಬಹಳಷ್ಟು ಅಲ್ಲೇ ಸೇರಿಕೊಂಡವು. ನಿಮಗೆ ತುಂಬಾ ಥ್ಯಾಂಕ್ಸ್.

ಆದರೆ ಈಗ ಉಲ್ಟಾ ಸಮಸ್ಯೆ. ‘ಜೀನ್ಸ್ ಹೋಲ್‌ಸೇಲ್ ಬಳ್ಳಾರಿ’ ಮತ್ತು ‘ಜೀನ್ಸ್ ಜಾಬ್ ವರ್ಕ್ ಬಳ್ಳಾರಿ’ ಎರಡನ್ನೂ ಒಂದೇ ಗುಂಪಿಗೆ ಹಾಕಿದೆ. ಇವರಿಬ್ಬರೂ ಬೇರೆ ಗಿರಾಕಿಗಳು. ಒಬ್ಬರು ತಯಾರಾದ ಮಾಲು ಕೊಳ್ಳಲು ಬರುತ್ತಾರೆ. ಇನ್ನೊಬ್ಬರು ಡೆನಿಮ್ ರೋಲ್ ತಂದು ಇಳಿಸಿ, ಪೀಸ್‌ಗೆ ಎಷ್ಟು ಕೂಲಿ ಅಂತ ಕೇಳುತ್ತಾರೆ.

ಗಂಗಾವತಿ ಅಕ್ಕಿ (ಮಂಗಳವಾರ, ಮಧ್ಯಾಹ್ನ 1:05)

ತಮ್ಮಾ, ನಿಮ್ಮ ಕಥೆ ಓದಿ ನಮ್ಮದೇ ನೆನಪಾಯಿತು. ನಾವು ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುವವರು. ಮನೆಗಳಿಗೆ ಚೀಲದ ಲೆಕ್ಕದಲ್ಲಿ ಕಳಿಸುತ್ತೇವೆ.

ನಿಮ್ಮದು ಊರಿನ ಸ್ಪೆಲಿಂಗ್, ನಮ್ಮದು ಅಕ್ಕಿಯದೇ ಸ್ಪೆಲಿಂಗ್. ಸೋನಾ ಮಸೂರಿಯನ್ನು ಜನ ಇಂಗ್ಲಿಷ್‌ನಲ್ಲಿ ಐದಾರು ತರಹ ಬರೆಯುತ್ತಾರೆ. ಅವೆಲ್ಲ ಒಂದೇ ಗುಂಪು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ‘ಹಳೆ ಅಕ್ಕಿ’ ಮತ್ತು ‘ಹೊಸ ಅಕ್ಕಿ’ಯನ್ನು ಟೂಲ್ ಒಂದೇ ಕಡೆ ಹಾಕಿತ್ತು. ಅನ್ನ ಮಾಡುವವರನ್ನು ಕೇಳಿ ನೋಡಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯದು ಬಿಡಿ ಬಿಡಿಯಾಗಿ ಉದುರುತ್ತದೆ. ಬೆಲೆಯೂ ಬೇರೆ. ಹಳೆ ಅಕ್ಕಿ ಹುಡುಕುವವರಿಗೆ ಹೊಸದರ ಪುಟ ತೋರಿಸಿದರೆ ಅವರು ತಕ್ಷಣ ವಾಪಸ್ ಹೋಗುತ್ತಾರೆ. ಸ್ಟೀಮ್ ಅಕ್ಕಿ, ರಾ ಅಕ್ಕಿ ವಿಷಯವೂ ಹೀಗೇ.

ಇನ್ನೊಂದು ಹೇಳುತ್ತೇನೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ, 25 ಕೆಜಿವರೆಗಿನ ಚೀಲಕ್ಕೆ, 5% ಜಿಎಸ್‌ಟಿ ಬಂತು. ಆಮೇಲೆ ಮಾರ್ಕೆಟ್‌ನಲ್ಲಿ 26 ಕೆಜಿ ಚೀಲ ಶುರುವಾಯಿತು. ಮನೆಯವರು ಇವತ್ತಿಗೂ ಗೂಗಲ್‌ನಲ್ಲಿ ‘25 ಕೆಜಿ ಅಕ್ಕಿ ಬೆಲೆ’ ಅಂತಲೇ ಹುಡುಕುತ್ತಾರೆ. ಅಂಗಡಿಯವರು ಮಾತ್ರ ‘26 ಕೆಜಿ’ ಅಂತ ಹುಡುಕುತ್ತಾರೆ. ಟೂಲ್ ಇವನ್ನು ಎರಡು ಗುಂಪು ಮಾಡಿತ್ತು. ನಾನು ಒಂದೇ ಪುಟ ಮಾಡಿದೆ. ಚೀಲ 26 ಕೆಜಿ ಯಾಕೆ ಅಂತ ಅದರಲ್ಲೇ ನಾಲ್ಕು ಸಾಲು ಬರೆದೆ. ಆ ನಾಲ್ಕು ಸಾಲು ಓದಿ ಫೋನ್ ಮಾಡಿದವರು ತುಂಬಾ ಜನ. ಇದನ್ನು ಯಾವ ಟೂಲೂ ನನಗೆ ಹೇಳಿರಲಿಲ್ಲ. ಗಲ್ಲಾದ ಮೇಲೆ ಕೂತು ಕಿವಿಗೆ ಬಿದ್ದದ್ದು.

ರಾಯಚೂರು ವೆಬ್ ಕೆಲಸ (ಮಂಗಳವಾರ, ರಾತ್ರಿ 9:50)

ಅಕ್ಕಿ ಅಣ್ಣ ಹೇಳಿದ್ದೇ ಇಲ್ಲಿ ಮುಖ್ಯ. ಜಾಬ್ ವರ್ಕ್ ಮತ್ತು ಹೋಲ್‌ಸೇಲ್ ಯಾಕೆ ಸೇರಿಕೊಂಡವು ಅಂತ ಹೇಳುತ್ತೇನೆ.

ಬೆಂಗಳೂರಿನ ಬಗ್ಗೆ ಹುಡುಕಿದರೆ ಗೂಗಲ್‌ಗೆ ತೋರಿಸಲು ಬೇಕಾದಷ್ಟು ಪುಟಗಳಿವೆ. ‘ಬಳ್ಳಾರಿ ಜೀನ್ಸ್ ಜಾಬ್ ವರ್ಕ್’ಗೆ ಅಷ್ಟಿಲ್ಲ. ಹಾಗಾಗಿ ಜಸ್ಟ್‌ಡಯಲ್, ಇಂಡಿಯಾಮಾರ್ಟ್ ತರಹದ ಪಟ್ಟಿ ಸೈಟ್‌ಗಳು, ಒಂದೆರಡು ಯೂಟ್ಯೂಬ್ ವಿಡಿಯೊ, ಬಳ್ಳಾರಿ ಜೀನ್ಸ್ ಬಗ್ಗೆ ಬಂದ ಪತ್ರಿಕೆ ವರದಿ, ಇವನ್ನೇ ತಿರುಗಿಸಿ ಮುರುಗಿಸಿ ತೋರಿಸುತ್ತದೆ. ಎರಡೂ ಹುಡುಕಾಟಕ್ಕೆ ಅವೇ ಪುಟಗಳು ಬಂದರೆ ಟೂಲ್ ಎರಡನ್ನೂ ಒಂದೇ ಅಂತ ತಿಳಿಯುತ್ತದೆ. ಜನರಿಗೆ ಬೇಕಾದದ್ದು ಒಂದೇ ಅಂತ ಇದರ ಅರ್ಥ ಅಲ್ಲ. ಅವರಿಗೆ ಉತ್ತರ ಕೊಡುವ ಪುಟವನ್ನು ಇನ್ನೂ ಯಾರೂ ಬರೆದಿಲ್ಲ, ಅಷ್ಟೇ. ನಿಮಗೆ ಜಾಗ ಖಾಲಿ ಇದೆ.

ಕೈಯಲ್ಲೇ ಪರೀಕ್ಷೆ ಮಾಡಿ. ಬ್ರೌಸರ್‌ನಲ್ಲಿ ಪ್ರೈವೇಟ್ ವಿಂಡೊ ತೆಗೆದು ಎರಡೂ ಕೀವರ್ಡ್ ಹುಡುಕಿ. ಎಷ್ಟು ಪುಟ ಹೊಂದುತ್ತವೆ ಅಂತ ಎಣಿಸಿ. ಆ ಪುಟಗಳನ್ನು ತೆರೆದೂ ನೋಡಿ. ನಿಜವಾಗಿ ಜಾಬ್ ವರ್ಕ್ ಬಗ್ಗೆ ಮಾತಾಡುವ ಪುಟ ಒಂದಾದರೂ ಇದೆಯಾ? ಇಲ್ಲ ಅಂದರೆ ಟೂಲ್ ಮಾತು ಬಿಡಿ, ಬೇರೆ ಪುಟ ಮಾಡಿ. ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ. ಈ ಎರಡು ಪದ ಹುಡುಕಿದವರಿಬ್ಬರೂ ನಿಮಗೆ ಫೋನ್ ಮಾಡಿದರೆ ಒಂದೇ ಉತ್ತರ ಕೊಡುತ್ತೀರಾ? ಒಂದೇ ಆದರೆ ಒಂದು ಪುಟ. ಬೇರೆ ಆದರೆ ಎರಡು.

400 ಕೀವರ್ಡ್‌ಗೆ ದುಡ್ಡು ಕೊಟ್ಟು ಟೂಲ್ ಕೊಳ್ಳುವುದು ಬೇಡ. ಗೂಗಲ್ ಶೀಟ್ಸ್‌ನಲ್ಲಿ ಪಕ್ಕದಲ್ಲಿ ಒಂದು ಕಾಲಂ ಹಾಕಿ ನೀವೇ ಗುಂಪಿನ ಹೆಸರು ಬರೆಯುತ್ತಾ ಹೋಗಿ. ಒಂದು ಭಾನುವಾರದ ಕೆಲಸ.

ಕಿನ್ನಾಳ ಗೊಂಬೆ (ಬುಧವಾರ, ಬೆಳಿಗ್ಗೆ 11:30)

ಅಣ್ಣಾ, ನಾನು ಕೊಪ್ಪಳದವಳು. ಕಿನ್ನಾಳದ ಚಿತ್ರಗಾರರು ಮಾಡುವ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಫೋನ್ ಪ್ರಶ್ನೆ ತುಂಬಾ ಸರಿಯಾಗಿದೆ. ನನ್ನ ಅನುಭವವನ್ನೂ ಸೇರಿಸುತ್ತೇನೆ.

ನನ್ನ ಸೈಟ್‌ಗೆ ಇಂಪ್ರೆಷನ್ (ಗೂಗಲ್ ಫಲಿತಾಂಶದಲ್ಲಿ ಸೈಟ್ ಕಾಣಿಸಿದ ಸಲದ ಲೆಕ್ಕ) ಬಹಳ ಇತ್ತು, ಆರ್ಡರ್ ಇರಲಿಲ್ಲ. ಪಟ್ಟಿ ಬಿಡಿಸಿ ನೋಡಿದಾಗ ಗೊತ್ತಾಯಿತು. ‘ಕಿನ್ನಾಳ ಕಲೆ ಇತಿಹಾಸ’, ‘ಕಿನ್ನಾಳ ಗೊಂಬೆ ಯಾವ ಜಿಲ್ಲೆ’, ‘ಕಿನ್ನಾಳ ಕಲೆ ಮಾಹಿತಿ’ ಅಂತ ಹುಡುಕಿ ಬರುವವರೇ ಜಾಸ್ತಿ. ಶಾಲೆ ಮಕ್ಕಳು, ಪರೀಕ್ಷೆಗೆ ಓದುವವರು ಇರಬೇಕು. ‘ಕಿನ್ನಾಳ ಗೊಂಬೆ ಬೆಲೆ’, ‘ದಸರಾ ಗೊಂಬೆ ಸೆಟ್’ ಅಂತ ಹುಡುಕುವವರು ಬೇರೆ. ನಾನು ಇಬ್ಬರಿಗೂ ಒಂದೇ ಪುಟ ಇಟ್ಟಿದ್ದೆ. ಮೇಲೆ ಉದ್ದನೆಯ ಇತಿಹಾಸ, ಕೆಳಗೆಲ್ಲೋ ಬೆಲೆ.

ಎರಡು ಮಾಡಿದೆ. ಒಂದರಲ್ಲಿ ಕಲೆಯ ವಿಷಯ. ಹಗುರ ಮರದಲ್ಲಿ ಕೆತ್ತುವುದು, ಹುಣಸೆ ಬೀಜದ ಅಂಟು ಬಳಸುವುದು, ಮೇಲೆ ಬಣ್ಣ ಕೂರಿಸುವುದು, ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದ್ದು, ಎಲ್ಲ ಅಲ್ಲಿ. ಇನ್ನೊಂದರಲ್ಲಿ ಗೊಂಬೆ, ಅಳತೆ, ಬೆಲೆ, ಕಳಿಸುವ ಖರ್ಚು. ಮೊದಲನೆಯದರಿಂದ ಎರಡನೆಯದಕ್ಕೆ ಲಿಂಕ್ ಕೊಟ್ಟೆ. ಮಾಹಿತಿ ಪುಟದಿಂದ ದುಡ್ಡು ಬರುವುದಿಲ್ಲ. ಆದರೂ ಅದನ್ನು ತೆಗೆಯಲು ನನಗೆ ಮನಸ್ಸಿಲ್ಲ. ಮಕ್ಕಳು ನಮ್ಮ ಊರಿನ ಕಲೆ ಬಗ್ಗೆ ಸರಿಯಾದ್ದನ್ನು ಓದಲಿ.

ಇಂಗ್ಲಿಷ್‌ನಲ್ಲಿ ನಮ್ಮ ಊರನ್ನು ‘ಕಿನ್ನಾಳ್’ ಅಂತಲೂ ಬರೆಯುತ್ತಾರೆ, ‘ಕಿನ್ಹಾಳ್’ ಅಂತಲೂ ಬರೆಯುತ್ತಾರೆ. ಎರಡೂ ಸ್ಪೆಲಿಂಗನ್ನು ಒಂದೇ ಪುಟದಲ್ಲಿ ಸಹಜವಾಗಿ ಒಂದೊಂದು ಸಲ ಬಳಸಿದ್ದೇನೆ, ಸಾಕಾಯಿತು.

ಸಿಂಧನೂರು ಹುಡುಗ (ಬುಧವಾರ, ಸಂಜೆ 6:20)

ಟೂಲ್ ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯ ಸೈಟ್ ನೋಡಿಕೊಳ್ಳುತ್ತೇನೆ. ಕಂಪನಿ, ಮಾಡೆಲ್, ಪಾರ್ಟ್ ಹೆಸರು ಎಲ್ಲ ಸೇರಿ 3,000ಕ್ಕೂ ಜಾಸ್ತಿ ಕೀವರ್ಡ್. ಕೈಯಲ್ಲಿ ಮಾಡಿದರೆ ತಿಂಗಳು ಹಿಡಿಯುತ್ತದೆ. ಅರ್ಥ ನೋಡಿ ಗುಂಪು ಮಾಡುವ ಎಐ ಟೂಲ್ ಕೂಡ ಇವೆ. ಅವು ಪ್ರತಿ ಕೀವರ್ಡನ್ನೂ ಸಂಖ್ಯೆಗಳಾಗಿ ಬದಲಿಸಿ, ಹತ್ತಿರ ಇರುವವನ್ನು ಒಟ್ಟಿಗೆ ಇಡುತ್ತವೆ. ಬೇರೆ ಲಿಪಿ ಇದ್ದರೂ ಎಷ್ಟೋ ಸಲ ಸರಿಯಾಗಿ ಸೇರಿಸುತ್ತವೆ.

ರಾಯಚೂರು ವೆಬ್ ಕೆಲಸ (ಬುಧವಾರ, ರಾತ್ರಿ 8:45)

ನಿಮ್ಮ ಮಾತು ನಿಜ. ನಾನು ಹೇಳಿದ್ದು 400 ಕೀವರ್ಡ್‌ಗೆ. 3,000 ಇದ್ದರೆ ಟೂಲ್ ಬೇಕೇ ಬೇಕು. ಅರ್ಥ ನೋಡುವ ಟೂಲ್‌ನಲ್ಲಿ ಒಂದು ಎಚ್ಚರ ಇರಲಿ. ಅದಕ್ಕೆ ‘ಕ್ಲಚ್ ಪ್ಲೇಟ್ ಬೆಲೆ’ ಮತ್ತು ‘ಕ್ಲಚ್ ಪ್ಲೇಟ್ ಬದಲಿಸುವುದು ಹೇಗೆ’ ಹತ್ತಿರ ಕಾಣುತ್ತವೆ. ಎರಡರಲ್ಲೂ ವಿಷಯ ಒಂದೇ, ಹುಡುಕಿದವರ ಉದ್ದೇಶ ಬೇರೆ. ಮೊದಲು ಟೂಲ್‌ನಿಂದ ದಪ್ಪ ದಪ್ಪ ಗುಂಪು ಮಾಡಿಕೊಂಡು, ಇಂಪ್ರೆಷನ್ ಜಾಸ್ತಿ ಇರುವ 20 ಗುಂಪನ್ನು ಕಣ್ಣಾರೆ ನೋಡಿ ಬಿಡಿಸಿ.

ಕೌಲ್‌ಬಜಾರ್ ಜೀನ್ಸ್ (ಭಾನುವಾರ, ರಾತ್ರಿ 10:10)

ಇವತ್ತು ಬೆಳಿಗ್ಗೆಯಿಂದ ಕೂತೆ. ನಮ್ಮ ಕಟಿಂಗ್ ಮಾಸ್ತರನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. 418 ಕೀವರ್ಡ್ 9 ಗುಂಪಾದವು. ಹೋಲ್‌ಸೇಲ್, ಜಾಬ್ ವರ್ಕ್, ವಾಷಿಂಗ್, ಮಕ್ಕಳ ಜೀನ್ಸ್, ಹೀಗೆ. ಒಂದು ಗುಂಪು ನಮಗೆ ಸಂಬಂಧವೇ ಇಲ್ಲ, ಬಳ್ಳಾರಿಯಲ್ಲಿ ಜೀನ್ಸ್ ಫ್ಯಾಕ್ಟರಿ ಕೆಲಸ ಹುಡುಕುವವರದ್ದು. ಅದನ್ನೂ ಬಿಡಲಿಲ್ಲ. ಟೇಲರ್ ಬೇಕಾದಾಗ ನಾವೂ ಪರದಾಡುತ್ತೇವೆ ಅಲ್ವಾ, ಅವರಿಗೂ ಒಂದು ಚಿಕ್ಕ ಪುಟ ಮಾಡೋಣ ಅಂತ ಇದ್ದೇನೆ.

ಮಾಸ್ತರ್ ಒಂದು ವಿಷಯ ಹಿಡಿದರು. ‘28 ರಿಂದ 36 ಸೆಟ್’ (ಸೊಂಟದ ಅಳತೆ 28ರಿಂದ 36ರವರೆಗಿನ ಪ್ಯಾಂಟ್‌ಗಳು ಒಟ್ಟಿಗೆ) ಅಂತ ಹುಡುಕಿದವರು ಖಂಡಿತ ಅಂಗಡಿಯವರೇ. ಮನೆಗೆ ಒಂದು ಪ್ಯಾಂಟ್ ಕೊಳ್ಳುವವರು ಹಾಗೆ ಬರೆಯುವುದಿಲ್ಲ. ನಮ್ಮ ಯಾವ ಪುಟದಲ್ಲೂ ಸೆಟ್ ಅನ್ನುವ ಪದವೇ ಇರಲಿಲ್ಲ.

ಈಗ 62 ಪುಟದಲ್ಲಿ ಉಳಿದವನ್ನು ಏನು ಮಾಡಲಿ? ಡಿಲೀಟ್ ಮಾಡಿಬಿಡಲಾ?

ರಾಯಚೂರು ವೆಬ್ ಕೆಲಸ (ಸೋಮವಾರ, ಬೆಳಿಗ್ಗೆ 8:00)

ಸುಮ್ನೆ ಡಿಲೀಟ್ ಮಾಡಬೇಡಿ. ಸರ್ಚ್ ಕನ್ಸೋಲ್‌ನಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ಪ್ರತಿ ಗುಂಪಿಗೆ ಯಾವ ಪುಟಕ್ಕೆ ಕ್ಲಿಕ್ ಜಾಸ್ತಿ ಬಂದಿದೆ ನೋಡಿ. ಅದನ್ನು ಉಳಿಸಿ, ಚೆನ್ನಾಗಿ ತಿದ್ದಿ ಬರೆಯಿರಿ. ಅದೇ ಗುಂಪಿನ ಮಿಕ್ಕ ಪುಟಗಳಿಂದ ಅದಕ್ಕೆ 301 ರೀಡೈರೆಕ್ಟ್ ಕೊಡಿ, ಅಂದರೆ ಹಳೆಯ ವಿಳಾಸಕ್ಕೆ ಬಂದವರು ತಾನಾಗೇ ಈ ಪುಟಕ್ಕೆ ಬರುವ ಹಾಗೆ ಕಾಯಂ ಆಗಿ ತಿರುಗಿಸಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಬೇಡಿ. ಸಂಬಂಧ ಇಲ್ಲದ ಕಡೆ ತಿರುಗಿಸಿದರೆ ಗೂಗಲ್ ಆ ಪುಟ ಇಲ್ಲವೆಂದೇ ಲೆಕ್ಕ ಹಾಕುತ್ತದೆ. ರೀಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ.

ಊರ ಹೆಸರು ಮಾತ್ರ ಬದಲಿಸಿ ಒಂದೇ ಬರಹ ಹಾಕಿದ ಪುಟಗಳನ್ನು ಮೊದಲು ತೆಗೆಯಿರಿ. ಹುಡುಕುವವರನ್ನು ಒಳಗೆ ಎಳೆಯಲು ಮಾತ್ರ ಮಾಡಿದ ಇಂಥ ಪುಟಗಳು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ. ನಿಜವಾಗಿ ಆ ಊರಿನವರಿಗೆ ಹೇಳುವುದು ಏನಾದರೂ ಇದ್ದರೆ ಮಾತ್ರ ಪುಟ ಉಳಿಸಿ.

‘ಹತ್ತಿರದ ಜೀನ್ಸ್ ಅಂಗಡಿ’ ಅನ್ನುವ ಗುಂಪಿಗೆ ಪುಟ ಬರೆದು ಪ್ರಯೋಜನ ಕಮ್ಮಿ. ಅಲ್ಲಿ ಮೇಲೆ ಬರುವುದು ಮ್ಯಾಪ್. ಆ ಮ್ಯಾಪ್‌ನಲ್ಲಿ ಕಾಣುವ ನಿಮ್ಮ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ವಿಳಾಸ, ಸಮಯ, ಫೋಟೊ ಸರಿಯಾಗಿ ಇಡಿ. ಇನ್ನು ಪುಟದ ಕೋಡ್‌ನಲ್ಲಿ, ಓದುವವರಿಗೆ ಕಾಣದ ಹಾಗೆ, ಮೆಟಾ ಕೀವರ್ಡ್ಸ್ ಅಂತ ಉದ್ದನೆಯ ಪಟ್ಟಿ ಇದ್ದರೆ ಅದರ ಚಿಂತೆ ಬಿಡಿ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಕೌಲ್‌ಬಜಾರ್ ಜೀನ್ಸ್ (ಮೂರು ತಿಂಗಳ ನಂತರ)

ಕೇಳಿದ ಮೇಲೆ ಫಲಿತಾಂಶ ಹೇಳುವುದು ನನ್ನ ಕೆಲಸ. 62 ಪುಟ ಈಗ 10 ಆಗಿವೆ. ಮೊದಲ ಮೂರು ವಾರ ಇಂಪ್ರೆಷನ್ ಇಳಿಯಿತು, ನಿಜವಾಗಿ ಹೆದರಿದೆ. ಆಮೇಲೆ ನಿಧಾನಕ್ಕೆ ಏರಿತು. ಕ್ಲಿಕ್ ಒಟ್ಟು ಲೆಕ್ಕದಲ್ಲಿ ಬಹಳ ಏರಿಲ್ಲ. ಆದರೆ ಫೋನ್ ಮಾಡುವವರು ಬದಲಾಗಿದ್ದಾರೆ. ಹೋಲ್‌ಸೇಲ್ ಪುಟದ ತಲೆಬರಹದಲ್ಲೇ ‘28 ರಿಂದ 36 ಸೆಟ್’ ಅಂತ ಹಾಕಿದ ಮೇಲೆ, ಒಂದು ಪ್ಯಾಂಟ್ ಕೇಳುವವರು ಕಮ್ಮಿಯಾದರು. ಜಾಬ್ ವರ್ಕ್ ಪುಟದಿಂದ ಎರಡು ಪಾರ್ಟಿ ಬಂದವು, ಒಬ್ಬರು ಕರ್ನೂಲಿನವರು. ಬಟ್ಟೆ ಕಳಿಸಿ ಕೆಲಸ ನಡೆಯುತ್ತಿದೆ.

ಅದೋನಿ ಪುಟ ಮಾತ್ರ ಉಳಿಸಿದೆ. ಅಲ್ಲಿಂದ ನಮಗೆ ಹಳೆಯ ಗಿರಾಕಿಗಳಿದ್ದಾರೆ. ಪಾರ್ಸೆಲ್ ಯಾವ ದಿನ ಹೋಗುತ್ತದೆ, ಕನಿಷ್ಠ ಎಷ್ಟು ಸೆಟ್ ತೆಗೆದುಕೊಳ್ಳಬೇಕು ಅಂತ ತೆಲುಗಿನಲ್ಲೂ ಬರೆಸಿದೆ. ‘ಬಳ್ಳಾರಿ ಜೀನ್ಸ್ ಪ್ಯಾಂಟ್ಲು’ ಅಂತ ಹುಡುಕುವವರು ಆ ಪುಟಕ್ಕೆ ಬರುತ್ತಿದ್ದಾರೆ.

ಸರ್ಚ್ ಕನ್ಸೋಲ್‌ನಲ್ಲಿ ರೀಜೆಕ್ಸ್ ಫಿಲ್ಟರ್ (ಬೇಕಾದ ಪದಗಳ ನಮೂನೆ ಬರೆದು ಪಟ್ಟಿ ಸೋಸುವುದು) ಹಾಕುವುದನ್ನೂ ಕಲಿತೆ. ಹಳೆಯ ಸ್ಪೆಲಿಂಗ್, ಹೊಸ ಸ್ಪೆಲಿಂಗ್, ಕನ್ನಡ ಲಿಪಿ ಮೂರನ್ನೂ ನಡುವೆ ಒಂದು ನೆಟ್ಟಗಿನ ಗೆರೆ ಹಾಕಿ ಬರೆದರೆ, ಮೂರರ ಲೆಕ್ಕವೂ ಒಟ್ಟಿಗೆ ಬರುತ್ತದೆ. ಮೊದಲು ಮೂರು ಸಲ ನೋಡಿ ಕೂಡಿಸುತ್ತಿದ್ದೆ.

ಗಂಗಾವತಿ ಅಕ್ಕಿ

ತುಂಬಾ ಖುಷಿಯಾಯಿತು ತಮ್ಮಾ. ಫೋನ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಬಂದವರು ಯಾವ ಮಾತಿನಲ್ಲಿ ಕೇಳಿದರು ಅಂತ ಹಾಗೇ ಬರೆದಿಡಿ. ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ ಖಾಸಗಿತನದ ಕಾರಣಕ್ಕೆ ಸರ್ಚ್ ಕನ್ಸೋಲ್ ಪಟ್ಟಿಯಲ್ಲಿ ತೋರಿಸುವುದಿಲ್ಲ. ಅವು ನೋಟ್‌ಬುಕ್‌ನಲ್ಲಿ ಸಿಗುತ್ತವೆ.

ಕೌಲ್‌ಬಜಾರ್ ಜೀನ್ಸ್

ಇಟ್ಟಿದ್ದೇನೆ ಅಣ್ಣಾ. ಈ ವಾರ ಇಬ್ಬರು ‘ಮಂಕಿ ವಾಶ್ ಮಾಡಿಕೊಡ್ತೀರಾ’ ಅಂತ ಕೇಳಿದರು. ನಮ್ಮ ವಾಷಿಂಗ್ ಪುಟದಲ್ಲಿ ಸ್ಟೋನ್ ವಾಶ್ ಒಂದೇ ಇದೆ. ಮಂಕಿ ವಾಶ್ ಅನ್ನುವುದನ್ನೂ ಇವತ್ತು ರಾತ್ರಿ ಸೇರಿಸುತ್ತೇನೆ.